ಮೂರನೇ ಲಾಟಿನ ಚಿತ್ರಗಳು

ಉರಿಗಾಂ
19-1-1992, ಭಾನುವಾರ

ಇವರಿಗೆ,

ಹೆಸರು ಹಿಡಿದು ಬರೆಯಲು ಕೈ ಬರುವುದಿಲ್ಲ. ‘ಪ್ರಾಣಕಾಂತ’ ಎಂದು ಬರೆದರೆ ನಿಮ್ಮ ಮೆಸ್ಸಿನಲ್ಲಿ ಯಾರಾದರೂ ಒಡೆದು ಓದಿ ನಕ್ಕಾರು. ಆದ್ದರಿಂದ ಮನೆಯಲ್ಲಿ ಇದ್ದ ಹಾಗೆಯೇ ಇರಲಿ.

ಫ್ಯಾಕ್ಟರಿಯವರು ನಿಮ್ಮನ್ನು ಒಂಬತ್ತು ತಿಂಗಳ ಕಂಪ್ಯೂಟರ್ ತರಬೇತಿಗೆಂದು ಪುಣೆಗೆ ಕಳಿಸಿ ಇವತ್ತಿಗೆ ಹದಿನೆಂಟು ದಿನ. ಅತ್ತೆ ಚೆನ್ನಾಗಿದ್ದಾರೆ. ಸಾಲುಮನೆಯ ತಮಿಳು ಹೆಂಗಸರ ಜೊತೆ ಮಂಡ್ಯದ ಕನ್ನಡದಲ್ಲೇ ಜಗಳವಾಡುತ್ತಾರೆ, ಮಂಡ್ಯದ ಕನ್ನಡದಲ್ಲೇ ರಾಜಿಯಾಗುತ್ತಾರೆ. ಅವರಿಗೂ ಎಲ್ಲ ತಿಳಿಯುತ್ತದೆ.

ನೀವು ಕಳಿಸಿದ ಕಂಪ್ಯೂಟರು, ಕ್ಯಾಮೆರಾ ಎಲ್ಲ ಗುರುವಾರ ಬಂಗಾರಪೇಟೆಗೆ ಬಂದವು. ನಮ್ಮ ರೇಷ್ಮೆ ಬಿತ್ತನೆ ಕೋಠಿಯ ಮಾಲೀಕರು ಶ್ರೀರಾಮಪ್ಪನವರು ನಿಮಗೆ ಗೊತ್ತಲ್ಲ, ಪೆಟ್ಟಿಗೆಗೆ ಕುಂಕುಮ ಇಟ್ಟು ನಿಂಬೆಹಣ್ಣು ಕುಯ್ಯದೆ ಪ್ಲಗ್ ಹಾಕಗೊಡಲಿಲ್ಲ. ಈಗ ಕ್ಯಾಮೆರಾ ನನ್ನ ಮೈಕ್ರೊಸ್ಕೋಪಿನ ತಲೆಯ ಮೇಲೆ ಕೂತಿದೆ. ಹದಿನೆಂಟು ವರ್ಷ ನಾನೊಬ್ಬಳೇ ಇಣುಕುತ್ತಿದ್ದ ಕೊಳವೆಯೊಳಗೆ ಈಗ ಅದೂ ಇಣುಕುತ್ತದೆ.

ನೀವು ಹೇಳಿದ ಹಾಗೆ ಮಾಡುತ್ತಿದ್ದೇನೆ. ಮೊಟ್ಟೆಯಿಟ್ಟ ಚಿಟ್ಟೆಗಳನ್ನು ಎಂದಿನಂತೆ ಅರೆದು, ಗಾಜಿನ ಮೇಲೆ ಒಂದು ಹನಿ ಇಟ್ಟು, ಗಂಟುರೋಗದ ಕಣ ಇದೆಯೋ ಇಲ್ಲವೋ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಆಮೇಲೆ ಗುಂಡಿ ಒತ್ತಿ, ಒಂದೊಂದು ಸಲದ ಮೊಟ್ಟೆಯನ್ನು ಒಂದೊಂದು ಲಾಟೆಂದು ಗುರುತಿಸಿ ಚಿತ್ರ ಹಿಡಿಯುತ್ತೇನೆ. ಒಂದು ಫ್ಲಾಪಿಗೆ ಐದೇ ಚಿತ್ರ ಹಿಡಿಯುತ್ತವಲ್ಲ! ನೂರು ಚಿತ್ರಕ್ಕೆ ಇಪ್ಪತ್ತು ಫ್ಲಾಪಿ. ಅಂಚೆ ಕಚೇರಿಯವರು ಇದೇನು ಮದುವೆ ಕಾಗದವೇ ಎಂದು ಕೇಳಿದರು.

ನನ್ನ ಕಣ್ಣಿನ ವಿಚಾರ ಕೇಳಿದ್ದೀರಿ. ಚೆನ್ನಾಗಿದೆ.

ನಿಮ್ಮವಳು,
ಆದಿಲಕ್ಷ್ಮಿ

*

ಪುಣೆ
2-2-1992

ಆದಿ,

ಫ್ಲಾಪಿಗಳು ಒಂದೂ ಕೆಡದೆ ತಲುಪಿದವು. ನೀನು ಅವುಗಳ ನಡುವೆ ಹಳೆಯ ಸೀರೆಯ ತುಂಡು ಇಟ್ಟಿದ್ದೀಯ. ಅದನ್ನು ನಾನು ಬಿಸಾಕಲಿಲ್ಲ.

ಇಲ್ಲಿ ನಾನು ಮಾಡುತ್ತಿರುವುದು ಏನೆಂದು ಹೊರಡುವಾಗ ಸರಿಯಾಗಿ ಹೇಳಲೇ ಇಲ್ಲ. ನೀನು ಕಳಿಸಿದ ಒಂದು ಚಿತ್ರವೆಂದರೆ ಐನೂರ ಹನ್ನೆರಡು ಸಾಲು, ಸಾಲಿಗೆ ಐನೂರ ಹನ್ನೆರಡು ಚುಕ್ಕಿ. ಪ್ರತಿ ಚುಕ್ಕಿಗೂ ಅದು ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ಹೇಳುವ ಒಂದು ಅಂಕಿ. ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಅಂಕಿಗಳು. ಅದನ್ನು ಕುಗ್ಗಿಸಬೇಕು. ಐದರ ಜಾಗದಲ್ಲಿ ನೂರು ಹಿಡಿಸಿದರೆ, ಮೈಕ್ರೊಸ್ಕೋಪ್ ನೋಡಬಲ್ಲವರು ಒಬ್ಬರೂ ಇಲ್ಲದ ಸಣ್ಣ ಊರಿನ ಕೋಠಿಗಳು ಚಿತ್ರಗಳನ್ನು ಅಂಚೆಯಲ್ಲಿ ಕಳಿಸಿ ತಿಳಿದವರಿಗೆ ತೋರಿಸಬಹುದು. ಮುಂದೊಂದು ದಿನ ಫೋನಿನ ತಂತಿಯಲ್ಲೇ ಕಳಿಸಬಹುದು.

ಕುಗ್ಗಿಸುವುದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಏನೂ ಕಳೆಯುವುದಿಲ್ಲ, ಬಿಚ್ಚಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಆದರೆ ಗಾತ್ರ ಅರ್ಧಕ್ಕಿಂತ ಇಳಿಯುವುದಿಲ್ಲ. ಎರಡನೆಯದರಲ್ಲಿ ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸುತ್ತೇವೆ. ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನಷ್ಟೇ ಇಟ್ಟುಕೊಂಡು ಸಣ್ಣಪುಟ್ಟ ಏರುಪೇರನ್ನು ಬಿಟ್ಟುಬಿಡುತ್ತೇವೆ. ಗಾತ್ರ ಇಪ್ಪತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಬಿಟ್ಟದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಮೊನ್ನೆ ನಮ್ಮ ಮುಖ್ಯಸ್ಥರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಯಾವುದೆಂದು ಹೇಳಲಾರದೆ ನನ್ನ ಬೆನ್ನು ತಟ್ಟಿದರು. ನಲವತ್ತಾರನೇ ವಯಸ್ಸಿನಲ್ಲಿ ಬೆನ್ನು ತಟ್ಟಿಸಿಕೊಳ್ಳಲು ನಾಚಿಕೆಯಾಯಿತು. ಸಂತೋಷವೂ ಆಯಿತು.

ಇಲ್ಲಿಯ ಸಾರಿಗೆ ಬೆಲ್ಲ ಹಾಕುತ್ತಾರೆ. ಅವ್ವನಿಗೆ ಹೇಳಬೇಡ.

ಚೆನ್ನಕೇಶವ

*

ಉರಿಗಾಂ
16-2-1992

ಇವರಿಗೆ,

ಅತ್ತೆಗೆ ಹೇಳಿಬಿಟ್ಟೆ. ಎರಡು ಸೇರು ಹುಳಿಪುಡಿ ಕುಟ್ಟಿಸಿದ್ದಾರೆ, ಪಾರ್ಸೆಲ್ ಬರುತ್ತದೆ.

ನಿಮ್ಮ ಪತ್ರವನ್ನು ರೈಲಿನಲ್ಲಿ ಹೋಗುತ್ತಾ ಎರಡು ಸಲ ಓದಿದೆ. ಉರಿಗಾಂನಿಂದ ಬಂಗಾರಪೇಟೆಗೆ ಎರಡು ಸಲ ಓದುವಷ್ಟೇ ದೂರ. ‘ಕಣ್ಣಿಗೆ ಗೊತ್ತೇ ಆಗುವುದಿಲ್ಲ’ ಎಂದು ಬರೆದಿದ್ದೀರಿ. ಯಾರ ಕಣ್ಣಿಗೆ?

ತಪ್ಪು ತಿಳಿಯಬೇಡಿ, ಸುಮ್ಮನೆ ಕೇಳಿದೆ. ಗಂಟುರೋಗದ ಕಣ ತುಂಬ ಸಣ್ಣದು. ಮೊಟ್ಟೆಯಾಕಾರ, ಅಂಚು ಗಟ್ಟಿ, ಒಳಗೆ ತಿಳಿಹಸಿರು ಹೊಳಪು. ಕೊಬ್ಬಿನ ಹನಿಯೂ ಹೊಳೆಯುತ್ತದೆ, ಆದರೆ ಅದು ದುಂಡಗೆ. ಕಣ ನೀರಿನಲ್ಲಿ ನಿಂತಲ್ಲೇ ನಡುಗುತ್ತಿರುತ್ತದೆ. ಚಿತ್ರದಲ್ಲಿ ಆ ನಡುಕ ಬರುವುದಿಲ್ಲ, ಆಕಾರ ಒಂದೇ ಉಳಿಯುವುದು. ಅದೂ ಎಷ್ಟು ಚುಕ್ಕಿ ಆದೀತು? ಎಂಟು ಹತ್ತು?

ಕೋಠಿಯಲ್ಲಿ ಕೆಲಸ ಜೋರು, ಮೂರನೇ ಲಾಟಿನ ಫ್ಲಾಪಿಗಳನ್ನು ಮುಂದಿನ ವಾರ ಅಂಚೆಗೆ ಹಾಕುತ್ತೇನೆ. ಪಕ್ಕದ ಹಳ್ಳಿಯ ಮುತ್ಯಾಲಮ್ಮ ಈ ಸಲ ನೂರು ಚಿಟ್ಟೆಯ ಮೊಟ್ಟೆ ಬೇಕೆಂದು ಹೇಳಿ ಹೋಗಿದ್ದಾಳೆ. ಹಿಪ್ಪುನೇರಳೆ ಸೊಪ್ಪು ಸೊಂಟದ ಮಟ್ಟ ಬಂದಿದೆಯಂತೆ. ಎರಡು ವರ್ಷದ ಹಿಂದೆ ಬೇರೆಲ್ಲೋ ತಂದ ಮೊಟ್ಟೆಯಿಂದ ಗಂಟುರೋಗ ಬಂದು ಅವಳ ಮನೆಯ ಹುಳವೆಲ್ಲ ಸತ್ತಿತ್ತು. ಅಂದಿನಿಂದ ನನ್ನ ಸಹಿ ಇಲ್ಲದ ಮೊಟ್ಟೆಯ ಹಾಳೆಯನ್ನು ಅವಳು ಮುಟ್ಟುವುದಿಲ್ಲ.

ನನ್ನ ಪಕ್ಕದ ಮೈಕ್ರೊಸ್ಕೋಪಿನಲ್ಲಿ ಕೂರುವ ಅಶ್ವತ್ಥಮ್ಮ ನಾಲ್ಕು ದಿನದಿಂದ ಮಂಕಾಗಿದ್ದಳು. ಯಂತ್ರ ಪಳಗಿದ ಮೇಲೆ ಎರಡು ಕುರ್ಚಿ ಯಾಕೆ ಎಂದು ಶ್ರೀರಾಮಪ್ಪನವರು ಯಾರ ಬಳಿಯೋ ಆಡಿದ್ದು ಅವಳ ಕಿವಿಗೆ ಬಿದ್ದಿದೆ. ಆಡಿದವರೂ ಮರೆತಿರಬಹುದು, ಬಿಡಿ.

ಬಿಸಿಲು ಏರುತ್ತಿದೆ. ನೀರು ಕುಡಿಯಿರಿ.

ಆದಿಲಕ್ಷ್ಮಿ

*

ಪುಣೆ
3-3-1992

ಆದಿ,

ಅವಸರದ ಪತ್ರ. ಹುಳಿಪುಡಿ ಬಂತು. ಮೆಸ್ಸಿನ ಮರಾಠಿ ಭಟ್ಟರಿಗೆ ಕೊಟ್ಟೆ, ಅವರು ಅದಕ್ಕೂ ಬೆಲ್ಲ ಹಾಕಿದರು.

ಮೊದಲ ಪರೀಕ್ಷೆ ಮುಗಿಯಿತು. ಒಂದು, ಎರಡು, ಮೂರನೇ ಲಾಟಿನ ಚಿತ್ರಗಳನ್ನು ಕುಗ್ಗಿಸಿ, ಮತ್ತೆ ಬಿಚ್ಚಿ, ಇಲ್ಲಿಯ ರೇಷ್ಮೆ ರೋಗದ ತಜ್ಞರೊಬ್ಬರಿಗೆ ತೋರಿಸಿದೆವು. ನಿನ್ನ ರಿಜಿಸ್ಟರಿನಲ್ಲಿ ಏನಿದೆಯೆಂದು ಅವರಿಗಾಗಲಿ ನನಗಾಗಲಿ ಗೊತ್ತಿಲ್ಲ, ಪರೀಕ್ಷೆ ಎಂದರೆ ಹಾಗೇ. ಎಲ್ಲವೂ ಶುದ್ಧ ಎಂದು ಬರೆದುಕೊಟ್ಟಿದ್ದಾರೆ. ಫಲಿತಾಂಶದ ಒಂದು ಪ್ರತಿ ಕೋಠಿಗೂ ಹೋಗುತ್ತದೆ. ಮುಂದಿನ ವಾರ ದೊಡ್ಡವರ ಸಭೆಯಲ್ಲಿ ನಾನೇ ಹೇಳಬೇಕು.

ಚೆನ್ನಕೇಶವ

*

ಬಂಗಾರಪೇಟೆ
9-3-1992

ಇವರಿಗೆ,

ಇದನ್ನು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎಕ್ಸ್‌ಪ್ರೆಸ್ ಡೆಲಿವರಿಯಲ್ಲಿ ಹಾಕುತ್ತೇನೆ. ಕೋಠಿಯ ಫೋನಿನ ಎದುರಿಗೇ ಶ್ರೀರಾಮಪ್ಪನವರು ಕೂತಿರುತ್ತಾರೆ. ಎಸ್‌ಟಿಡಿ ಬೂತಿನಲ್ಲಿ ಮೀಟರು ಓಡುವುದನ್ನು ನೋಡುತ್ತಾ ಇಷ್ಟೆಲ್ಲ ಹೇಳಲು ನನ್ನಿಂದಾಗದು.

ಮೂರನೇ ಲಾಟಿನಲ್ಲಿ ಗಂಟುರೋಗ ಇದೆ. ಹನ್ನೆರಡನೇ ಗಾಜಿನಲ್ಲಿ ಮೂರು ಕಣ ಕಂಡು ನಾನು ರಿಜಿಸ್ಟರಿನಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದೆ. ಆ ಲಾಟಿನ ಮೊಟ್ಟೆಯನ್ನೆಲ್ಲ ಸುಡಬೇಕು. ಸುಡುವ ದಿನವೇ ನಿಮ್ಮ ಫಲಿತಾಂಶ ಬಂತು, ಎಲ್ಲ ಶುದ್ಧ ಎಂದು.

ಶ್ರೀರಾಮಪ್ಪನವರು ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. ಕಾಗದವನ್ನು ನನ್ನ ಮುಂದೆ ಇಟ್ಟು, “ನಿಮ್ ಯಜಮಾನ್ರ ಯಂತ್ರನೇ ಇಲ್ಲ ಅಂತದೆ. ಇನ್ನ ನಾನ್ ಯಾರ್ ಮಾತ್ ಕೇಳ್ಲಮ್ಮ?” ಅಂದರು. ಸ್ವಲ್ಪ ತಡೆದು, ಇಷ್ಟು ವರ್ಷ ನೋಡಿದ ಕಣ್ಣಿಗೂ ದಣಿವಾಗಿರುತ್ತದೆ ಎಂದು ಮೆತ್ತಗೆ ಹೇಳಿದರು. ನಾನು ರಿಜಿಸ್ಟರು ಮುಚ್ಚಿಟ್ಟೆ. ಯಾಕೆಂದರೆ ಅವರು ಹೇಳಿದ್ದು ನಿಜ.

ನಿಮಗೆ ಬರೆದಿರಲಿಲ್ಲ. ದೀಪಾವಳಿಯಿಂದ ನನ್ನ ಎಡಗಣ್ಣಿಗೆ ಮಂಜು ಕವಿದ ಹಾಗಿದೆ. ದೀಪದ ಸುತ್ತ ಬಳೆ ಕಾಣುತ್ತದೆ. ಇಷ್ಟು ವರ್ಷವೂ ಎಡಗಣ್ಣಿನಲ್ಲೇ ಕೊಳವೆ ನೋಡುತ್ತಿದ್ದೆ, ಬಲಗಣ್ಣು ಬರೆಯುವುದಕ್ಕೆ. ಸಂಕ್ರಾಂತಿ ಆದಮೇಲೆ ಯಾರಿಗೂ ತಿಳಿಯದ ಹಾಗೆ ಬಲಗಣ್ಣಿಗೆ ಬದಲಾಯಿಸಿಕೊಂಡೆ. ಆ ಮೂರು ಕಣಗಳನ್ನು ಕಂಡದ್ದು ಬಲಗಣ್ಣು. ಅದಕ್ಕೆ ಅಭ್ಯಾಸ ಸಾಲದು. ಕಂಡೆ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಆಣೆ ಮಾಡು ಎಂದರೆ ಮಾಡಲಾರೆ.

ಆ ಗಾಜು ಒಣಗಿಹೋಯಿತು. ಅರೆದ ಚಿಟ್ಟೆಗಳು ಮುಗಿದವು. ಉಳಿದಿರುವುದು ಚಿತ್ರ ಮಾತ್ರ, ಅದೂ ನಿಮ್ಮ ಹತ್ತಿರ. ಕುಗ್ಗಿಸುವ ಮೊದಲಿನ ಚಿತ್ರ ಇದೆಯೇ? ಇದ್ದರೆ ಅದನ್ನು ತೋರಿಸಿ. ನನಗಾಗಿ ಅಲ್ಲ. ಇಲ್ಲ ಎಂದು ಬಂದರೆ ಇಲ್ಲ ಎಂದೇ ತಿಳಿಸಿ, ನಾನು ಕುರ್ಚಿ ಬಿಟ್ಟು ಏಳುತ್ತೇನೆ.

ಮೊಟ್ಟೆ ಈಗ ತಣ್ಣನೆ ಪೆಟ್ಟಿಗೆಯಲ್ಲಿದೆ. ಹತ್ತು ದಿನ ತಡೆಯಬಹುದು, ಹೆಚ್ಚಲ್ಲ. ನಾನು ಸಹಿ ಹಾಕಿಲ್ಲ. ಮುತ್ಯಾಲಮ್ಮ ದಿನಾ ಹಾಲು ಕೊಡಲು ಬಂದಾಗ ಕೇಳುತ್ತಾಳೆ.

ಆದಿಲಕ್ಷ್ಮಿ

*

ತಂತಿ
ಪುಣೆ, 14-3-1992

ಶ್ರೀರಾಮಪ್ಪನವರಿಗೆ, ಬಿತ್ತನೆ ಕೋಠಿ, ಬಂಗಾರಪೇಟೆ

ಮೂರನೇ ಲಾಟಿನಲ್ಲಿ ರೋಗವಿದೆ. ಮೂಲ ಚಿತ್ರದಲ್ಲಿ ನಾಲ್ಕು ಕಣ. ನಮ್ಮ ಫಲಿತಾಂಶ ತಪ್ಪು. ಮೊಟ್ಟೆ ಕೊಡಬೇಡಿ. ಚೆನ್ನಕೇಶವ.

*

ಪುಣೆ
14-3-1992

ಆದಿ,

ತಂತಿಯನ್ನು ಬೇಕೆಂದೇ ಅವರ ಹೆಸರಿಗೆ ಕಳಿಸಿದೆ. ಅವರು ಮೊದಲು ಓದಲಿ ಎಂದು.

ನಿನ್ನ ಪತ್ರ ಬಂದದ್ದು ಇವತ್ತು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದಕ್ಕೆ ಸಭೆ. ಬೀರುವಿನಿಂದ ಮೂರನೇ ಲಾಟಿನ ಫ್ಲಾಪಿ ತೆಗೆದು, ಹನ್ನೆರಡನೇ ಚಿತ್ರವನ್ನು ಮೂಲ ರೂಪದಲ್ಲಿ ಪರದೆಗೆ ತಂದೆ. ನನಗೆ ಏನೂ ತಿಳಿಯಲಿಲ್ಲ, ಹೊಳೆಯುವ ಚುಕ್ಕಿಗಳು ಬೇಕಾದಷ್ಟಿದ್ದವು. ತಜ್ಞರನ್ನು ಕರೆದು ಏನೂ ಹೇಳದೆ ಕೂರಿಸಿದೆ. ಅವರು ಪೆನ್ಸಿಲಿನ ತುದಿಯಿಂದ ತೋರಿಸುತ್ತಾ ಹೋದರು. ಒಂದು, ಎರಡು, ಮೂರು. ಆಮೇಲೆ ಎಡ ಮೂಲೆಯಲ್ಲಿ ನಾಲ್ಕನೆಯದು. ಅದೇ ಚಿತ್ರವನ್ನು ಕುಗ್ಗಿಸಿ ಬಿಚ್ಚಿ ಪಕ್ಕದಲ್ಲಿಟ್ಟಾಗ ನಾಲ್ಕೂ ದುಂಡಗಾಗಿದ್ದವು. ಅಂಚು ಕರಗಿ ಕೊಬ್ಬಿನ ಹನಿಯ ಹಾಗೆ ಕೂತಿದ್ದವು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ನಾನು ಬಿಸಾಕಿದ ಸಣ್ಣಪುಟ್ಟ ಏರುಪೇರು ಎಂದರೆ ರೋಗವೇ ಆಗಿತ್ತು. ಯಾರ ಕಣ್ಣಿಗೆ ಎಂದು ನೀನು ಫೆಬ್ರುವರಿಯಲ್ಲೇ ಕೇಳಿದ್ದೆ. ಆ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ.

ಸಭೆಯಲ್ಲಿ ಎರಡೂ ಚಿತ್ರ ತೋರಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುಖ್ಯಸ್ಥರು ಬಯ್ಯಲಿಲ್ಲ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಹಾಗಾದರೆ ಯಾರು ಹೇಳಬೇಕು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಕೆಲವರು ನಕ್ಕರು. ಅವರು ನಗಲಿಲ್ಲ, ಬರೆದುಕೊಂಡರು.

ಇನ್ನು ಕಣ್ಣಿನ ಮಾತು. ದೀಪಾವಳಿಯಲ್ಲಿ ನಾನು ಮನೆಯಲ್ಲೇ ಇದ್ದೆ, ಆದಿ. ನೀನು ಎಲೆಯ ಹೊರಗೆ ತುಪ್ಪ ಬಡಿಸಿದಾಗ ಅವ್ವ ನಕ್ಕರು, ನಾನೂ ನಕ್ಕೆ. ಎದುರಿಗೆ ಕೂತವಳ ಕಣ್ಣು ಕಾಣದವನು ಇಲ್ಲಿ ಚಿತ್ರ ನೋಡುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟು ಬಂದಿದೆ. ನನ್ನ ಮೇಲೆ ಇನ್ನೂ ಹೆಚ್ಚು. ಬೆಂಗಳೂರಿಗೆ ಹೋಗಿ ತೋರಿಸು.

ಚೆನ್ನಕೇಶವ

*

ಉರಿಗಾಂ
29-3-1992

ಇವರಿಗೆ,

ತಂತಿ ಬಂದ ದಿನ ಶ್ರೀರಾಮಪ್ಪನವರು ಅದನ್ನು ಎರಡು ಸಲ ಓದಿ, ನನಗೆ ಕೊಟ್ಟು, ತಾವೇ ಸೀಮೆಎಣ್ಣೆ ಡಬ್ಬ ಎತ್ತಿಕೊಂಡು ಹಿತ್ತಲಿಗೆ ನಡೆದರು. ಹಾಳೆಗಳೆಲ್ಲ ಕಾಲು ಗಂಟೆಯಲ್ಲಿ ಉರಿದುಹೋದವು. ವಾಪಸು ಬರುವಾಗ ನನ್ನ ಮೇಜಿನ ಹತ್ತಿರ ನಿಂತು, ಕಾಫಿ ತರಿಸಲೇ ಎಂದು ಕೇಳಿದರು. ಅಷ್ಟೇ. ಅವರ ಬಾಯಲ್ಲಿ ಅದು ದೊಡ್ಡ ಮಾತು.

ನನಗೆ ಭಯವಿದ್ದದ್ದು ಮುತ್ಯಾಲಮ್ಮನದು. ಹುಳ ಸಾಕುವ ತಟ್ಟೆ ತೊಳೆದು, ಮನೆಗೆ ಸುಣ್ಣ ಬಳಿದು, ಸೊಪ್ಪು ಕುಯ್ಯಲು ಆಳು ಹೇಳಿ ಕಾಯುತ್ತಿದ್ದವಳು. ಇನ್ನು ಇಪ್ಪತ್ತು ದಿನ ಮೊಟ್ಟೆ ಇಲ್ಲ, ಅಷ್ಟರಲ್ಲಿ ಸೊಪ್ಪು ಬಲಿಯುತ್ತದೆ ಎಂದು ನಾನೇ ಅವಳ ಮನೆಗೆ ಹೋಗಿ ಹೇಳಿದೆ. ಅವಳು ಹಟ್ಟಿಯ ಕಂಬಕ್ಕೆ ಒರಗಿದಳು. ಆಮೇಲೆ ಅಂದಳು, “ಉಳ ಮೂರ್ನೇ ಜ್ವರದಾಗೆ ಪೊರೆ ಬಿಡ್ತಾ ಸಾಯೋದ್ನ ಒಂದ್ಸಲ ನೋಡಿದೀನಿ ಕಣಮ್ಮ. ಬುಟ್ಟಿಗಟ್ಲೆ ಗುಂಡಿಗಾಕಿದೀನಿ. ಸೊಪ್ಪು ಅಸ ತಿಂತದೆ ಬಿಡು.” ಹೊರಡುವಾಗ ಒಂದು ಚೊಂಬು ಮಜ್ಜಿಗೆ ಕೊಟ್ಟಳು.

ಆ ನಾಲ್ಕನೆಯ ಕಣ ನನಗೆ ಕಾಣಿಸಿರಲಿಲ್ಲ. ನೀವು ಅದನ್ನು ಬರೆಯದೆ ಮೂರು ಎಂದೇ ಬಿಡಬಹುದಿತ್ತು, ನನಗೆ ಸಂತೋಷವಾಗುತ್ತಿತ್ತು. ಬರೆದಿದ್ದೀರಿ. ಅದನ್ನು ಓದಿದ ಮೇಲೆಯೇ ಆಸ್ಪತ್ರೆಗೆ ಹೋಗಲು ಒಪ್ಪಿದೆ. ಅಶ್ವತ್ಥಮ್ಮ ಜೊತೆಗೆ ಬಂದಳು. ಪೊರೆಯಂತೆ. ಜೂನಿನಲ್ಲಿ ತೆಗೆದು ಕಣ್ಣೊಳಗೆ ಮಸೂರ ಇಡುತ್ತಾರಂತೆ. ಅಲ್ಲಿಯವರೆಗೆ ನಾನು ನೋಡಿದ ಪ್ರತಿ ಗಾಜನ್ನು ಅಶ್ವತ್ಥಮ್ಮ ಇನ್ನೊಮ್ಮೆ ನೋಡುತ್ತಾಳೆ. ಹಾಗೆ ಮಾಡೋಣ ಎಂದು ನಾನೇ ಶ್ರೀರಾಮಪ್ಪನವರಿಗೆ ಹೇಳಿದೆ.

ಒಂದು ಮಾತು ಜನವರಿಯಿಂದ ಕೇಳಬೇಕೆಂದಿದ್ದೆ, ಪ್ರತಿ ಪತ್ರದಲ್ಲೂ ಬರೆಯಲು ಹೊರಟು ನಿಲ್ಲಿಸಿದೆ. ನಿಮ್ಮ ಯಂತ್ರ ಪಳಗಿದರೆ ನನ್ನ ಕುರ್ಚಿ ಹೋಗುತ್ತದೆಯೇ?

ಆದಿಲಕ್ಷ್ಮಿ

*

ಪುಣೆ
12-4-1992

ಆದಿ,

ನೀನು ಕೇಳಬಹುದೆಂದು ನನಗೂ ಜನವರಿಯಿಂದ ಭಯವಿತ್ತು. ನೀನು ಕೇಳದೆ ಇದ್ದದ್ದರಿಂದ ನಾನೂ ಸುಮ್ಮನಿದ್ದೆ. ಅದು ಒಳ್ಳೆಯ ಗಂಡ ಮಾಡುವ ಕೆಲಸವಲ್ಲ.

ಈಗ ಹೊಸ ರೀತಿಯಲ್ಲಿ ಮಾಡುತ್ತಿದ್ದೇವೆ. ನೀನು ಹೇಳಿದ ಲಕ್ಷಣಗಳನ್ನು, ಗಟ್ಟಿ ಅಂಚು, ಒಳಗೆ ಹೊಳಪು, ಇಷ್ಟು ಗಾತ್ರ ಎಂದು, ಮೊದಲೇ ಯಂತ್ರಕ್ಕೆ ಕೊಡುತ್ತೇವೆ. ಅಂಥದ್ದು ಕಂಡ ಕಡೆಯೆಲ್ಲ ಒಂದು ಸಣ್ಣ ಚೌಕಟ್ಟು ಹಾಕಿ, ಅದರೊಳಗಿನ ಒಂದು ಅಂಕಿಯನ್ನೂ ಬಿಡದೆ ಇಡುತ್ತೇವೆ. ಉಳಿದ ಬಯಲನ್ನು ಮಾತ್ರ ಚೆನ್ನಾಗಿ ಕುಗ್ಗಿಸುತ್ತೇವೆ. ಇಪ್ಪತ್ತರಲ್ಲಿ ಒಂದು ಪಾಲಿನ ಬದಲು ಹನ್ನೆರಡರಲ್ಲಿ ಒಂದು ಪಾಲು. ಮುಖ್ಯಸ್ಥರು ಸಾಕು ಎಂದಿದ್ದಾರೆ.

ಯಂತ್ರ ಕೊಬ್ಬಿಗೂ ಚೌಕಟ್ಟು ಹಾಕುತ್ತದೆ, ಗಾಳಿಗುಳ್ಳೆಗೂ ಹಾಕುತ್ತದೆ. ಐವತ್ತು ಚಿತ್ರದಲ್ಲಿ ಇನ್ನೂರು ಚೌಕಟ್ಟು, ಅದರಲ್ಲಿ ನಿಜವಾದ ಕಣ ಒಂಬತ್ತು. ಆ ಒಂಬತ್ತನ್ನು ಆರಿಸಲು ಈಗ ಮನುಷ್ಯರೇ ಬೇಕು. ಮುಂದೆ ಯಂತ್ರಕ್ಕೇ ಬರಬಹುದು. ಬರುವುದೇ ಇಲ್ಲ ಎಂದು ನಿನಗೆ ಸುಳ್ಳು ಬರೆಯಲಾರೆ. ಆದರೆ ಅಲ್ಲಿಯವರೆಗೆ ಕುಗ್ಗಿಸಿದ ಚಿತ್ರ ಓದಲು ಪಳಗಿದ ಒಬ್ಬರು ಕೋಲಾರ ಸೀಮೆಯಲ್ಲೇ ಇರಬೇಕೆಂದು ಇಲ್ಲಿಂದ ಮುಖ್ಯಸ್ಥರು ರೇಷ್ಮೆ ಇಲಾಖೆಗೆ ಬರೆದಿದ್ದಾರೆ. ನಾನು ಬರೆಸಿದ್ದಲ್ಲ. ಬರೆಸಿದೆ ಎಂದು ನೀನು ತಿಳಿಯುತ್ತೀಯೆಂದು ಮೊದಲೇ ಹೇಳುತ್ತಿದ್ದೇನೆ.

ಜೂನಿನಲ್ಲಿ ನಾಲ್ಕು ದಿನ ರಜ ಕೇಳಿದ್ದೇನೆ.

ಚೆನ್ನಕೇಶವ

*

ಉರಿಗಾಂ
28-6-1992

ಇವರಿಗೆ,

ನೀವು ರೈಲು ಹತ್ತಿದ ಮಾರನೇ ದಿನ ಕಣ್ಣಿನ ಕಟ್ಟು ಬಿಚ್ಚಿದರು. ಒಂದು ದಿನ ತಡೆದಿದ್ದರೆ ಎಂದು ಅತ್ತೆ ಇನ್ನೂ ಗೊಣಗುತ್ತಿದ್ದಾರೆ. ರಜ ಇದ್ದದ್ದೇ ನಾಲ್ಕು ದಿನ, ನೀವೇನು ಮಾಡುತ್ತೀರಿ. ಆ ನಾಲ್ಕು ದಿನವೂ ಆಸ್ಪತ್ರೆಯಲ್ಲಿ ನನಗೆ ಇಡ್ಲಿ ಮುರಿದು ಕೊಟ್ಟಿರಲ್ಲ, ಚಟ್ನಿ ಬೇಕೇ ಬೇಡವೇ ಎಂದು ಪ್ರತಿ ತುತ್ತಿಗೂ ಕೇಳುತ್ತಾ. ಪಕ್ಕದ ಹಾಸಿಗೆಯ ಕದಿರಮ್ಮ ಆಮೇಲೆ ನನ್ನನ್ನು ಎಷ್ಟು ಕಾಡಿದಳೆಂದರೆ ಬರೆಯಲು ನಾಚಿಕೆ.

ಹೊಸ ಕಣ್ಣಿನಲ್ಲಿ ಮೊದಲು ಕಂಡದ್ದು ನರ್ಸಮ್ಮನ ಸೀರೆಯ ಅಂಚು. ಅಷ್ಟು ನೀಲಿಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಮನೆಗೆ ಬಂದು ನೋಡಿದರೆ ನಮ್ಮ ಅಡುಗೆಮನೆಯ ಗೋಡೆ ಬೂದಿಯ ಬಣ್ಣವಲ್ಲ, ತಿಳಿನೀಲಿ. ಇದು ಯಾವಾಗ ಬಳಿದದ್ದು ಎಂದು ಅತ್ತೆಯನ್ನು ಕೇಳಿದೆ. ನೀನೇ ಆರಿಸಿದ ಬಣ್ಣ ಎಂದರು.

ಆದಿಲಕ್ಷ್ಮಿ

*

ಉರಿಗಾಂ
13-9-1992, ಭಾನುವಾರ

ಇವರಿಗೆ,

ಇದು ಪುಣೆಯ ವಿಳಾಸಕ್ಕೆ ನಾನು ಬರೆಯುವ ಕೊನೆಯ ಪತ್ರ. ನೀವು ಹೊರಡುವ ಮೊದಲು ತಲುಪಿದರೆ ಸರಿ.

ಮುಳಬಾಗಿಲು, ಚಿಂತಾಮಣಿ ಎರಡೂ ಕಡೆಯ ಫ್ಲಾಪಿಗಳು ಈಗ ನನ್ನ ಮೇಜಿಗೆ ಬರುತ್ತವೆ. ಮೈಕ್ರೊಸ್ಕೋಪಿನಲ್ಲಿ ಅಶ್ವತ್ಥಮ್ಮ, ಪರದೆಯ ಮುಂದೆ ನಾನು. ಹಳೆಯ ಕುರ್ಚಿ ಎರಡೂ ಇವೆ, ಮೂರನೆಯದೊಂದು ಬಂದಿದೆ, ತಿರುಗುವಂಥದ್ದು. ಶ್ರೀರಾಮಪ್ಪನವರು ಯಾರೂ ಇಲ್ಲದಾಗ ಅದರಲ್ಲಿ ಕೂತು ಒಂದು ಸುತ್ತು ತಿರುಗಿದ್ದನ್ನು ಅಶ್ವತ್ಥಮ್ಮ ನೋಡಿದ್ದಾಳೆ. ಮೊನ್ನೆ ಚಿಂತಾಮಣಿಯ ಎಂಟನೇ ಚಿತ್ರದ ಒಂದು ಚೌಕಟ್ಟಿನಲ್ಲಿ ಎರಡು ಕಣ ಸಿಕ್ಕವು. ಬಿಚ್ಚಿದ ಚಿತ್ರದಲ್ಲೂ ಅಂಚು ಅಷ್ಟೇ ಗಟ್ಟಿಯಾಗಿತ್ತು. ಫೋನು ಮಾಡಿ ಹೇಳಿದೆ. ಮಾರನೇ ದಿನ ಆ ಲಾಟನ್ನು ಸುಟ್ಟರಂತೆ. ಆ ಊರನ್ನು ನಾನು ನೋಡಿಯೇ ಇಲ್ಲ.

ಮುತ್ಯಾಲಮ್ಮನ ಈ ಸಲದ ಬೆಳೆ ಕೈಗೆ ಬರುತ್ತಿದೆ. ಶುಕ್ರವಾರ ಅವಳ ಹಟ್ಟಿಗೆ ಹೋಗಿದ್ದೆ. ಹುಳಗಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ನೂಲು ಬಿಡುತ್ತಿದ್ದವು, ಮಾತಾಡಬೇಡ ಎಂದು ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನು ಒಳಗೆ ಬಿಟ್ಟಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು, ಎಷ್ಟು ಹೊತ್ತೋ.

ಮುಂದಿನ ಭಾನುವಾರ ಬೆಂಗಳೂರಿನಿಂದ ಸಂಜೆ ಗಾಡಿಯಲ್ಲಿ ಬರುತ್ತೇನೆ ಎಂದಿದ್ದೀರಿ. ಅತ್ತೆಗೆ ಮನೆಯಲ್ಲಿ ಒಬ್ಬಟ್ಟಿನ ಕೆಲಸವಿದೆ. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿಗೆ ನಾನೊಬ್ಬಳೇ ಬರುತ್ತೇನೆ. ಇಳಿದ ಕೂಡಲೇ ಪೆಟ್ಟಿಗೆ ಎತ್ತಿಕೊಂಡು ಉರಿಗಾಂ ಗಾಡಿಗೆ ಓಡಬೇಡಿ. ಅದು ತಪ್ಪಿದರೆ ಇನ್ನೊಂದು ಇದೆ. ಬೆಳಕು ಇರುವ ಕಡೆ ಒಂದು ನಿಮಿಷ ನಿಲ್ಲಿ. ಈ ಕಣ್ಣಿನಲ್ಲಿ ನಿಮ್ಮನ್ನು ನಾನಿನ್ನೂ ನೋಡಿಲ್ಲ.

ಕಾಯುತ್ತಿರುವ,
ಆದಿ